ಗಂಧ ಹಚ್ಚಿದ ರೈಫಲ್ಲು

ಓಡುವುದು, ಏದುಸಿರಿನಲ್ಲೇ ಬೋರಲು ಮಲಗಿ ಗುರಿಯಿಡುವುದು, ಎದ್ದು ಮತ್ತೆ ಓಡುವುದು. ಬೇಸಿಗೆ ಬಯಾಥ್ಲಾನ್ ಅಂದರೆ ಇಷ್ಟೇ. ಹಿಮದ ದೇಶದವರು ಸ್ಕೀ ಕಟ್ಟಿಕೊಂಡು ಆಡುವ ಆಟವನ್ನು ನಾವು ಮೈಸೂರಿನ ಕೆಂಪು ಧೂಳಿನ ಮೈದಾನದಲ್ಲಿ ಕ್ಯಾನ್ವಾಸ್ ಶೂ ಹಾಕಿಕೊಂಡು ಆಡುತ್ತಿದ್ದೆವು. ಅದು ತೊಂಬತ್ತರ ದಶಕದ ಕೊನೆ, ನಾನು ಬಿ.ಎ. ಓದುತ್ತಿದ್ದೆ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಮೇಷ್ಟ್ರೊಬ್ಬರು ಐದಾರು ಹುಡುಗಿಯರಿಗೆ ಬೆಳಿಗ್ಗೆ ಹೊತ್ತು ಕಲಿಸುತ್ತಿದ್ದರು. ಇದ್ದದ್ದು ಎರಡೇ ಏರ್ ರೈಫಲ್.

ಗುರಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಊರಂಚಿನ ಕೆಸರೆಯಿಂದ ಸೈಕಲ್ ತುಳಿದುಕೊಂಡು ಅವಳು ಬರುವವರೆಗೆ. ನನಗಿಂತ ಎರಡು ವರ್ಷ ಚಿಕ್ಕವಳು, ಪಿಯುಸಿ ಓದುತ್ತಿದ್ದಳು. ಓಡಿದರೆ ಓಡಲಿ ಬಿಡು, ಕಾಲು ಉದ್ದ ಇವೆ ಎಂದು ಮೊದಮೊದಲು ಸುಮ್ಮನಿದ್ದೆ. ಎರಡೇ ತಿಂಗಳಲ್ಲಿ ಗುರಿಯೂ ಕಲಿತುಬಿಟ್ಟಳು. ನಾನು ಮೂರು ಸುತ್ತು ಓಡಿ ಬಂದು ಮಲಗಿದರೆ ಎದೆ ಡವಡವ ಹೊಡೆದುಕೊಂಡು ರೈಫಲ್ಲಿನ ತುದಿಯೂ ಅದರ ಜೊತೆ ಕುಣಿಯುತ್ತಿತ್ತು. ಅವಳು ಒಂದು ಸಲ ಉಸಿರು ಬಿಟ್ಟು, ಟಪ್ ಟಪ್ ಎಂದು ಐದು ತಗಡಿನ ಬಿಲ್ಲೆ ಬೀಳಿಸಿ ಎದ್ದು ಹೋಗುತ್ತಿದ್ದಳು. "ಅವ್ಳನ್ನ ನೋಡಿ ಕಲ್ತ್ಕೊಳಮ್ಮ," ಅಂದರು ಮೇಷ್ಟ್ರು ಒಂದು ದಿನ. ಮೂರು ವರ್ಷದಿಂದ ಬರುತ್ತಿದ್ದ ನನಗೆ, ನಿನ್ನೆ ಮೊನ್ನೆ ಬಂದವಳನ್ನು ನೋಡಿ ಕಲಿ ಎಂದರು. ಅವತ್ತು ಮನೆಗೆ ಹೋಗಿ ತಿಂಡಿ ಮುಟ್ಟಲಿಲ್ಲ. ಅಷ್ಟು ಹೊಟ್ಟೆ ಉರಿದಿತ್ತು.

ಜಂಬದವಳಾಗಿದ್ದರೆ ಮನಸಾರೆ ಬೈದುಕೊಂಡು ಹಗುರಾಗಬಹುದಿತ್ತು. ಅದಕ್ಕೂ ಅವಳು ದಾರಿ ಬಿಡಲಿಲ್ಲ. "ಅಕ್ಕ, ನೀವು ಹಿಡ್ಕೊಳ್ಳೋ ಥರ ನಂಗೆ ಬರಲ್ಲ, ಒಂಚೂರು ತೋರ್ಸಿ" ಎಂದು ನನ್ನ ಹತ್ತಿರವೇ ಬರುತ್ತಿದ್ದಳು.

ರಾಜ್ಯದ ಶಿಬಿರಕ್ಕೆ ನಮ್ಮಲ್ಲಿಂದ ಒಬ್ಬಳು ಮಾತ್ರ ಹೋಗಬಹುದು, ವಿಜಯದಶಮಿಯ ಮಾರನೆಯ ಬೆಳಿಗ್ಗೆ ನಮ್ಮಿಬ್ಬರಲ್ಲಿ ಆಯ್ಕೆ, ಒಬ್ಬೊಬ್ಬರಿಗೆ ಒಂದೊಂದು ರೈಫಲ್ ಎಂದು ಮೇಷ್ಟ್ರು ಹೇಳಿದರು. ಯಾರು ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆಯುಧಪೂಜೆಯ ದಿನ ನಮ್ಮೂರಲ್ಲಿ ಹೊಲಿಗೆ ಮಿಷನ್ನಿಗೂ ಕುಂಕುಮ ಬೀಳುತ್ತದೆ, ಇನ್ನು ರೈಫಲ್ಲನ್ನು ಬಿಡುತ್ತಾರೆಯೇ. ಪೂಜೆ ನನ್ನ ಪಾಲಿನ ಕೆಲಸ. ನಾನು ಅಗ್ರಹಾರದವಳು, ಮಠಕ್ಕೆ ನಡೆದುಕೊಳ್ಳುವ ಮನೆಯವಳು, ಅದೆಲ್ಲ ನನಗೇ ಗೊತ್ತು ಎಂದು ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡಿದ್ದರು. ಎರಡೂ ರೈಫಲ್ಲನ್ನು ಮೇಜಿನ ಮೇಲಿಟ್ಟು, ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ ಮಂಗಳಾರತಿ ಮಾಡಿದೆ. ಗಂಧ ತೆಳುವಾಗಿತ್ತು. ಕಣ್ಣಿಟ್ಟು ಗುರಿ ನೋಡುವ ಚಿಕ್ಕ ತೂತಿನೊಳಕ್ಕೂ ಅದು ಇಳಿದದ್ದು ಆಗ ಗೊತ್ತಾಗಲಿಲ್ಲ. ಅಷ್ಟು ಮಾತ್ರ ನಾನು ಬೇಕೆಂದು ಮಾಡಿದ್ದಲ್ಲ.

ಪೂಜೆಗಿಟ್ಟ ಮೇಲೆ ಆಯ್ಕೆಯ ದಿನದವರೆಗೆ ಅವನ್ನು ಯಾರೂ ಮುಟ್ಟಲಿಲ್ಲ. ಆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನನ್ನ ರೈಫಲ್ಲನ್ನು ಒರೆಸಿಕೊಂಡೆ. ತೂತಿನಲ್ಲಿ ಗಂಧ ಒಣಗಿ ಕೂತಿತ್ತು, ಕಡ್ಡಿಯಿಂದ ಕೆರೆದು ತೆಗೆದೆ. ಅವಳದ್ದನ್ನೂ ಎತ್ತಿ ನೋಡಿದೆ. ಅರ್ಧ ತೂತು ಮುಚ್ಚಿತ್ತು. ಕಡ್ಡಿ ಇನ್ನೂ ಕೈಯಲ್ಲೇ ಇತ್ತು. ಅವಳದ್ದನ್ನು ಅವಳು ನೋಡಿಕೊಳ್ಳಲಿ, ನಾನೇನು ಅವಳ ಆಳೇ ಎಂದುಕೊಂಡು ಇದ್ದಲ್ಲೇ ಇಟ್ಟೆ. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಎಂದು ನಮ್ಮಜ್ಜಿ ಬೇರೆಯವರನ್ನು ಬೈಯುತ್ತಿದ್ದಳು.

ಓಟದಲ್ಲಿ ಅವಳೇ ಮುಂದೆ. ನಾನು ಬಂದು ಪಕ್ಕದಲ್ಲಿ ಮಲಗುವ ಹೊತ್ತಿಗೆ ಅವಳು ಕಣ್ಣು ಕಿರಿದು ಮಾಡಿ, ತಲೆಯೆತ್ತಿ, ಮತ್ತೆ ಕಿರಿದು ಮಾಡಿ ನೋಡುತ್ತಿದ್ದಳು. ಐದರಲ್ಲಿ ನಾಲ್ಕು ತಪ್ಪಿತು. ನನ್ನದು ಒಂದು. ತಪ್ಪಿದ ಒಂದೊಂದಕ್ಕೂ ಒಂದೊಂದು ಸಣ್ಣ ಸುತ್ತು ಹೆಚ್ಚಿಗೆ ಓಡಬೇಕು. ನಾಲ್ಕು ಸುತ್ತು ಓಡಿಯೂ ಕೊನೆಯಲ್ಲಿ ಅವಳ ಹೆಜ್ಜೆಯ ಸದ್ದು ನನ್ನ ಬೆನ್ನಿಗೇ ಕೇಳಿಸುತ್ತಿತ್ತು. ಹತ್ತು ಹೆಜ್ಜೆಯಿಂದ ಗೆದ್ದೆ. ಗೆದ್ದ ಮೇಲೂ ಆ ಕಾಲುಗಳನ್ನು ನೋಡಿ ಹೊಟ್ಟೆಕಿಚ್ಚೇ ಆಯಿತು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಸುಮ್ಮನಿರಲಾರದೆ ಕೇಳಿದೆ, "ಏನಾಯ್ತೇ ನಿಂಗೆ?"

"ತೂತಲ್ಲಿ ಗಂಧ ಇತ್ತು ಅಕ್ಕ."

"ಉಗುರಲ್ಲಿ ಕೆರೆದು ಬಿಸಾಕೋದಲ್ವಾ? ಅಷ್ಟೂ ಗೊತ್ತಾಗಲ್ವಾ?" ಗದರಿಯೇಬಿಟ್ಟೆ.

"ನೀವು ಪೂಜೆ ಮಾಡಿ ಹಚ್ಚಿದ್ದು. ನಾನು ಮುಟ್ಟಿ ಅಳಿಸ್ಬುಟ್ರೆ ನಿಮ್ಗೆ ಬೇಜಾರಾಗ್ತದೇನೋ ಅಂತ ಅಂಗೇ ಬುಟ್ಟೆ," ಅಂದು ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು.

ಮೇಷ್ಟ್ರ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಹೋಗಿ ಹೇಳಿದ್ದರೆ ಇಬ್ಬರನ್ನೂ ಇನ್ನೊಂದು ಸಲ ಓಡಿಸುತ್ತಿದ್ದರು, ಅವಳು ಗೆಲ್ಲುತ್ತಿದ್ದಳು. ಅದು ಗೊತ್ತಿದ್ದರಿಂದಲೇ ಹೋಗಲಿಲ್ಲ.

ಶಿಬಿರಕ್ಕೆ ಹೋದೆ, ಅಲ್ಲಿ ಕೊನೆಯ ಸಾಲಿನಲ್ಲಿ ಉಳಿದು ವಾಪಸ್ಸು ಬಂದೆ. ಅಷ್ಟರಲ್ಲಿ ಅವಳು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದ್ದಳು.

"ಯಾಕಮ್ಮ ಬರ್ತಿಲ್ಲ ಅವ್ಳು? ನಿಂಗೇನಾದ್ರೂ ಗೊತ್ತಾ?" ಮೇಷ್ಟ್ರು ಕೇಳಿದರು.

ಗೊತ್ತಿಲ್ಲ ಸಾರ್, ಅಂದೆ.