ಪರದೆಯ ಮೇಲೆ ಸ್ಪೇರಕ್ಕನ ಮೇಜು

ತಪ್ಪು ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಹೇಳಬಹುದು.

ನಮ್ಮದು ಆಸ್ಪತ್ರೆಯ ರಿಪೇರಿ ವಿಭಾಗ. ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಎರಡು ಕೋಣೆ. ಒಂದರಲ್ಲಿ ಮೆಕ್ಯಾನಿಕ್ ಆದ ನಾನು, ಇನ್ನೊಂದರಲ್ಲಿ ಸ್ಪೇರಕ್ಕ. ಗಾಲಿಕುರ್ಚಿಯ ಚಕ್ರ, ಮಂಚ ಏರಿಸಿ ಇಳಿಸುವ ಹಿಡಿಕೆ, ತೂಕದ ಯಂತ್ರದ ಸ್ಪ್ರಿಂಗು, ಹೀಗೆ ಕಂಪನಿಯವರೇ ಕೈಬಿಟ್ಟ ಹಳೇ ಮಾಡೆಲ್ಲುಗಳ ಸ್ಪೇರ್ ಪಾರ್ಟು ಎಲ್ಲಿ ಸಿಗುತ್ತದೆಂದು ಹುಡುಕುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಇಟ್ಟವಳು ನಾನೇ.

ಇಪ್ಪತ್ತೆರಡು ವರ್ಷ ಅವಳು ಈ ಕೆಲಸ ಮಾಡಿದ್ದು ಒಂದು ದೊಡ್ಡ ಮರದ ಮೇಜಿನ ಮೇಲೆ. ಹೊರಗಿನವರಿಗೆ ಅದು ಬರೀ ಕಾಗದದ ರಾಶಿ. ಅವಳಿಗೆ ಮಾತ್ರ ಲೆಕ್ಕ ಪಕ್ಕಾ. ಎಡಮೂಲೆಯಲ್ಲಿ ಇವತ್ತೇ ಆಗಬೇಕಾದದ್ದು, ಬಲಮೂಲೆಯಲ್ಲಿ ಉತ್ತರ ಬರಬೇಕಾದದ್ದು. ಕಾಗದ ಓರೆಯಾಗಿ ಕೂತಿದ್ದರೆ ಆ ಅಂಗಡಿಯವರಿಗೆ ಬರೆದು ಪ್ರಯೋಜನವಿಲ್ಲ, ಫೋನೇ ಮಾಡಬೇಕು ಎಂದರ್ಥ. ಏನು ಕೇಳಿದರೂ ಮುಖ ಎತ್ತದೆ ಕೈಹಾಕಿ ತೆಗೆದುಕೊಡುತ್ತಿದ್ದಳು.

ಆಮೇಲೆ ಕ್ಯಾಟಲಾಗುಗಳೆಲ್ಲ ಇಂಟರ್‌ನೆಟ್ಟಿಗೆ ಹೋದವು. ಮೇಜು ಹೊತ್ತುಕೊಂಡು ಹೋದರು, ಕಂಪ್ಯೂಟರು ತಂದಿಟ್ಟರು. ಅಕ್ಕ ಒಂದೊಂದು ಅಂಗಡಿಗೆ ಒಂದೊಂದು ಟ್ಯಾಬ್ ತೆರೆಯುತ್ತಾ ಹೋದಳು, ಮುಚ್ಚಲೇ ಇಲ್ಲ. ಮುಗಿಯದ ಕೆಲಸವನ್ನು ಮುಚ್ಚುವುದಾದರೂ ಹೇಗೆ ಅನ್ನುತ್ತಿದ್ದಳು. ಟ್ಯಾಬುಗಳು ಒತ್ತೊತ್ತಾಗಿ ಉಗುರಿನಷ್ಟಾದವು, ಯಾವುದು ಯಾವುದೋ ದೇವರಿಗೇ ಗೊತ್ತು. ಒಂದು ದಿನ ಕಂಪ್ಯೂಟರ್ ನಿಂತೇಹೋಯಿತು, ಎಲ್ಲ ಮಾಯ. ಅಕ್ಕ ಸುಮ್ಮನೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಮೇಲ್ವಿಚಾರಕರು ಕೆಟ್ಟವರಲ್ಲ, ಅವಸರದವರು. ಆಪರೇಷನ್ ಸಾಮಾನನ್ನು ಆವಿಯಲ್ಲಿ ಶುದ್ಧ ಮಾಡುವ ಹಳೇ ಯಂತ್ರದ ಬಾಗಿಲಿನ ರಬ್ಬರ್ ಉಂಗುರ ಸವೆದುಹೋಗಿತ್ತು. ತಿಂಗಳ ಕೊನೆಯೊಳಗೆ ಅದನ್ನು ಹುಡುಕಿಕೊಟ್ಟರೆ ಅಕ್ಕ ಇದೇ ಕೆಲಸದಲ್ಲಿ ಇರಬಹುದು, ಇಲ್ಲದಿದ್ದರೆ ಮೇಲೆ ಟೋಕನ್ ಕೊಡುವ ಕೌಂಟರಿಗೆ ಹೋಗಬೇಕು ಎಂದುಬಿಟ್ಟರು. ಇಷ್ಟು ವರ್ಷ ಇಡೀ ಆಸ್ಪತ್ರೆಯ ಚಕ್ರ ತಿರುಗಿಸಿದವಳನ್ನು ಚೀಟಿ ಹರಿಯಲು ಕೂರಿಸುತ್ತಾರಂತೆ. ನಾನು ಉರಿದುಬಿದ್ದೆ, ಆದರೆ ನನ್ನ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು.

ದಾರಿ ತೋರಿಸಿದವಳು ಅಕ್ಕನ ಸೊಸೆ. ಬ್ರೌಸರಿನೊಳಗೇ ಮೇಜಿನಂಥದ್ದೊಂದು ಬರುತ್ತದೆ ಅತ್ತೆ, ಟ್ಯಾಬುಗಳನ್ನು ಸಾಲಾಗಿ ತುರುಕುವ ಬದಲು ಚೀಟಿಗಳ ಹಾಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು, ಒಂದರ ಮೇಲೊಂದು ಪೇರಿಸಬಹುದು, ಓರೆ ಮಾಡಬಹುದು, ಕಂಪ್ಯೂಟರ್ ಆರಿಸಿದರೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆ ಎಂದಳಂತೆ. ಒಂದು ಭಾನುವಾರ ಅತ್ತೆ ಸೊಸೆ ಇಬ್ಬರೂ ಊಟ ಮರೆತು ಅದರಲ್ಲೇ ಮುಳುಗಿದ್ದರಂತೆ. ಮಾರನೆಯ ದಿನದಿಂದ ನಮ್ಮ ಅಕ್ಕ ಮತ್ತೆ ಮೊದಲಿನ ಅಕ್ಕ. ಪರದೆಯ ತುಂಬ ಎಂಬತ್ತಮೂರು ಚೀಟಿ ಹರಡಿಕೊಂಡು, ಗುನುಗುತ್ತಾ ಕೆಲಸ ಮಾಡತೊಡಗಿದಳು.

ತಿಂಗಳ ಕೊನೆಯ ದಿನ ಮೇಲ್ವಿಚಾರಕರು ನೋಡಲು ಬರುವವರಿದ್ದರು. ಹಿಂದಿನ ಸಂಜೆ ಅಕ್ಕ ಬೇಗ ಹೊರಟಳು, ಕಂಪ್ಯೂಟರ್ ಆರಿಸಿಬಿಡು ಎಂದು ನನಗೆ ಹೇಳಿ ಹೋದಳು. ಪರದೆ ನೋಡಿದೆ. ಚೀಟಿಗಳು ದಿಕ್ಕಾಪಾಲು, ಕೆಲವು ಸೊಟ್ಟಗೆ. ನಾನು ಸ್ಪ್ಯಾನರುಗಳನ್ನೂ ಅಳತೆಯ ಪ್ರಕಾರ ಜೋಡಿಸಿಡುವ ಹೆಂಗಸು. ನಾಳೆ ಸಾಹೇಬರು ಈ ಅವತಾರ ನೋಡಿದರೆ ಏನಂದಾರು ಅನ್ನಿಸಿತು. ಮೇಲೆ 'ಸಾಲಾಗಿ ಜೋಡಿಸು' ಎಂಬ ಗುಂಡಿ ಕಾಣಿಸಿತು. ಒತ್ತಿದೆ. ಎಂಬತ್ತಮೂರೂ ನೆಟ್ಟಗೆ ಸಾಲಾಗಿ ನಿಂತವು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಕಂಪ್ಯೂಟರ್ ಆರಿಸಿ ಮನೆಗೆ ಹೋದೆ.

ಬೆಳಗ್ಗೆ ಎಂಟಕ್ಕೆ ಅಕ್ಕ ಬಂದು ಕೂತಳು. ಹೋಗಿ ನೋಡಿದರೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಾಳೆ.

"ಇದನ್ನ ಯಾರು ಮುಟ್ಟಿದ್ದು?" ಎಂದಳು.

ನಾನು ಬಾಯಿಬಿಡುವ ಮೊದಲೇ ನನ್ನ ಮುಖ ಹೇಳಿಬಿಟ್ಟಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ. ಉಂಗುರ ಸಿಕ್ಕಿದೆ, ಎಲ್ಲೋ ಒಬ್ಬ ಮುದುಕ ತನ್ನ ಶೆಡ್ಡಿನಲ್ಲಿ ಅಚ್ಚು ಹಾಕಿಕೊಡುತ್ತಾನೆ, ಇವತ್ತು ಬೆಳಗ್ಗೆ ಫೋನ್ ಮಾಡು ಎಂದಿದ್ದಾನೆ, ಒಂಬತ್ತಕ್ಕೆ ಯಂತ್ರ ಶುರು ಮಾಡಿದರೆ ಆಮೇಲೆ ಅವನಿಗೆ ಫೋನ್ ಕೇಳಿಸುವುದಿಲ್ಲ ಎಂದು ವಿವರಿಸಿದಳು. ನಂಬರ್ ಇರುವುದು ಅವನ ಪುಟದಲ್ಲಿ ಮಾತ್ರ. ಪುಟದ ಹೆಸರು ಬರೀ 'ಮುಖಪುಟ'. ಸಾಲಿನಲ್ಲಿ ನಿಂತಿದ್ದ ಚೀಟಿಗಳಲ್ಲಿ ಅರ್ಧಕ್ಕರ್ಧ 'ಮುಖಪುಟ'ಗಳೇ.

"ಒಂದೊಂದೇ ತೆಗೆದು ನೋಡೋಣಕ್ಕ," ಎಂದೆ.

"ನೋಡಿದ್ರೆ ಸಾಲದು ಕಣೇ, ಅವುಗಳ ಜಾಗಕ್ಕೂ ಇಡ್ಬೇಕು. ಇಲ್ಲಾಂದ್ರೆ ಇದು ಸಿಕ್ಕಿ ಉಳಿದ ಎಂಬತ್ತೆರಡು ಕಳೆದುಹೋಗ್ತವೆ. ನೀನು ಪಕ್ಕದಲ್ಲಿ ಕೂತು ಗಡಿಯಾರ ನೋಡು."

ಶುರು ಮಾಡಿದಳು. ಚೀಟಿ ತೆರೆಯುವಳು, ಒಂದು ಕ್ಷಣ ನೋಡುವಳು, ಎಳೆದು ಇಡುವಳು. ಇಡುತ್ತಾ ತನ್ನಷ್ಟಕ್ಕೇ ಹೇಳಿಕೊಳ್ಳುವಳು. ಇದು ಮಕ್ಕಳ ವಾರ್ಡಿನ ಮಂಚದ ಚಕ್ರ, ನಾಲ್ಕರಲ್ಲಿ ಮೂರು ಬಂದಿವೆ. ಇವನು ಸುಳ್ಳ, ಆದರೂ ಮಾಲು ಒಳ್ಳೆಯದು. ಈ ಹೆಂಗಸಿಗೆ ಬರೆದರೆ ಅರ್ಧ ಗಂಟೆಯಲ್ಲಿ ಉತ್ತರ. ಇದು ನೀನೇ ಕೇಳಿದ ಬೆಲ್ಟು, ಮರೆತೆಯಾ? ಮರೆತಿದ್ದೆ. ಕೇಳುತ್ತಾ ಕೇಳುತ್ತಾ ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷ ಪಕ್ಕದ ಕೋಣೆಯಲ್ಲಿದ್ದೂ ಇವಳ ತಲೆಯಲ್ಲಿ ಇಷ್ಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಎಂಟೂವರೆ ದಾಟಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಲ್ವಿಚಾರಕರು. ಯಾವಾಗ ಬಂದು ನಿಂತರೋ. ನಾನು ಏಳಲು ಹೋದೆ, ಕೈಸನ್ನೆಯಲ್ಲೇ ಕೂರಿಸಿದರು. ಅಕ್ಕ ಅವರನ್ನು ನೋಡಲೇ ಇಲ್ಲ. ಒಂಬತ್ತಕ್ಕೆ ಹನ್ನೊಂದು ನಿಮಿಷ ಇರುವಾಗ ಅರವತ್ತೇಳನೆಯ ಚೀಟಿ ತೆರೆದವಳು ಫೋನಿಗೆ ಕೈಹಾಕಿದಳು.

ಮುದುಕ ಎತ್ತಿದ. ಅಕ್ಕ ಹೂಂ, ಹೂಂ ಎಂದಳು, ಉಂಗುರದ ಅಳತೆಯನ್ನು ಬಾಯಿಪಾಠವಾಗಿ ಹೇಳಿದಳು, ಗುರುವಾರ ಕಳಿಸ್ತೀನಿ ಎಂದು ಅವನ ಬಾಯಿಂದಲೇ ಎರಡು ಸಲ ಹೇಳಿಸಿದಳು. ಫೋನ್ ಇಟ್ಟು, ಉಳಿದ ಹದಿನಾರು ಚೀಟಿಗಳತ್ತ ತಿರುಗಿದಳು. ಹದಿನಾರನ್ನೂ ಅವುಗಳ ಜಾಗಕ್ಕೆ ಸೇರಿಸಿಯೇ ಕೈಬಿಟ್ಟಳು.

ಆಮೇಲೆ ಮೇಲ್ವಿಚಾರಕರು ಒಳಗೆ ಬಂದು, ನನ್ನ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಈ ಕೆಲಸ ಇಷ್ಟಿದೆ ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದರು. ಹೇಳುವುದಕ್ಕೆ ಅವರು ನಿಂತರೆ ತಾನೇ? ಎಂದುಕೊಂಡೆ ಮನಸ್ಸಿನಲ್ಲೇ.

"ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀವು ಇಲ್ಲೇ ಇರಿ," ಎಂದರು.

ನಾನು ಅಕ್ಕನ ಮುಖ ನೋಡಿದೆ. ಕೃತಜ್ಞತೆಯಿಂದ ಕೈಮುಗಿಯುತ್ತಾಳೇನೋ ಎಂದುಕೊಂಡಿದ್ದೆ. ಕಂಪ್ಯೂಟರು ನಿಂತ ದಿನ ಮುಖ ತೊಳೆಯಲು ಎದ್ದು ಹೋಗಿದ್ದವಳು ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೂತಳು.

"ಹಾಗಾದ್ರೆ ಇದರ ಎರಡರಷ್ಟು ದೊಡ್ಡ ಪರದೆ ಕೊಡ್ಸಿ ಸಾರ್. ಜಾಗ ಸಾಲ್ತಾ ಇಲ್ಲ," ಎಂದಳು.