ಕಂಪನಿ ವಾಪಸು ಕರೆದ ಕಾರು

ಬೆಳಿಗ್ಗೆ ಎದೆ ಹಿಡಿದ ಹಾಗಿದೆ ಎಂದ ನನ್ನ ಗಂಡ ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಕೊಳ್ಳೇಗಾಲದ ಮನೆಯಲ್ಲಿ ನಾನು ಮತ್ತು ಅತ್ತೆ ಉಳಿದೆವು. ನಾನು ಹನೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ರಜೆ ಮುಗಿಸಿ ಮತ್ತೆ ಶಾಲೆಗೆ ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರನ್ನು ಎದುರಿಸಬೇಕಲ್ಲ ಅನ್ನಿಸಿ ಗಂಡನ ಕಾರಿನ ಕೀ ತೆಗೆದುಕೊಂಡೆ. ಬೇರೆ ಕಾರಣವೇನೂ ಇರಲಿಲ್ಲ. ಓಡಿಸುವುದನ್ನು ಅವರೇ ಕಲಿಸಿದ್ದರು, ಭಾನುವಾರಗಳಂದು ಸತ್ತೇಗಾಲದ ರಸ್ತೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ.

ಕಾರು ಮೊದಲ ಸಲ ನಿಂತದ್ದು ಕಾಮಗೆರೆ ದಾಟಿದ ಮೇಲೆ. ಸದ್ದಿಲ್ಲ, ಹೊಗೆಯಿಲ್ಲ. ಓಡುತ್ತಿದ್ದ ಇಂಜಿನ್ ಸುಮ್ಮನಾಯಿತು, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಹಿಂದಿದ್ದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಲೇ ಪಕ್ಕದಲ್ಲಿ ಹಾದುಹೋದ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದೆ, ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಆಮೇಲೂ ಒಂದೆರಡು ಸಲ ಹೀಗೇ ಆಯಿತು. ಗ್ಯಾರೇಜಿನವರು ಓಡಿಸಿ ನೋಡಿದಾಗ ಮಾತ್ರ ಇಂಜಿನ್ ನಿಲ್ಲುತ್ತಿರಲಿಲ್ಲ. ಪೆಟ್ರೋಲಿನಲ್ಲಿ ಕಸವಿರಬೇಕು ಎಂದು ಫಿಲ್ಟರ್ ಬದಲಾಯಿಸಿ ಕಳಿಸಿದರು.

ಗಂಡನ ಅಣ್ಣ, ನಮ್ಮ ಭಾವ, ಮುಳ್ಳೂರಿನಲ್ಲಿ ಬೇಸಾಯ ನೋಡಿಕೊಂಡಿದ್ದಾರೆ. ವಿಷಯ ಕಿವಿಗೆ ಬಿದ್ದ ಕೂಡಲೇ ಬಂದರು. ಕಾರನ್ನು ತಾವೇ ಕೊಳ್ಳೇಗಾಲದ ಒಳಗೆ ಒಂದು ಸುತ್ತು ಹಾಕಿಸಿಕೊಂಡು ಬಂದು ಜಗಲಿಯ ಮೇಲೆ ಕೂತರು.

"ಗಾಡಿ ಚೆನ್ನಾಗೇ ಅದೆ ಕಣವ್ವ. ನೀ ಕ್ಲಚ್ಚ ದಡ್ ಅಂತ ಬುಟ್ಬುಡ್ತೀಯ, ಅದ್ಕೆ ಆಫ್ ಆಯ್ತದೆ. ನಿನ್ಗ್ಯಾಕ್ ಬೇಕು ಇದು? ಮಾರ್ಬುಡು, ಬಸ್ಸಲ್ಲಿ ಓಗು."

ಟಾಪ್ ಗೇರಿನಲ್ಲಿ ಹೋಗುವಾಗ ಕಾಲು ಕ್ಲಚ್ಚಿನ ಮೇಲೆ ಇರುವುದೇ ಇಲ್ಲ ಎಂದು ಹೇಳಬಹುದಿತ್ತು. ಆಗೆಲ್ಲ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ. ಇವಳು ಅಳಲಿಲ್ಲವಲ್ಲ ಎಂದು ಬಂದವರು ನೋಡುತ್ತಿದ್ದರು.

ಒಂದು ಶನಿವಾರ ಅತ್ತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು ಎಂದರು. ಮಗ ಹೋದ ಮೇಲೆ ಅವರಾಗಿ ಕೇಳಿದ ಮೊದಲ ಮಾತು ಅದು, ಇಲ್ಲ ಅನ್ನಲಾಗಲಿಲ್ಲ. ಯಳಂದೂರು ದಾಟಿ ಬೆಟ್ಟ ಹತ್ತುವವರೆಗೆ ಕಾರು ಸರಿಯಾಗಿಯೇ ಇತ್ತು. ದರ್ಶನ ಮಾಡಿಕೊಂಡು ಇಳಿಯುವಾಗ, ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ ಇರುವ ಒಂದು ತಿರುವಿನಲ್ಲಿ ಇಂಜಿನ್ ನಿಂತಿತು.

ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಬ್ರೇಕನ್ನು ಎರಡು ಸಲ ತುಳಿದೆ, ಮೂರನೆಯ ಸಲಕ್ಕೆ ಅದೂ ಗಟ್ಟಿಯಾಯಿತು. ಇಳಿಜಾರಿನಲ್ಲಿ ಕಾರು ತನ್ನಷ್ಟಕ್ಕೇ ಹೋಗುತ್ತಿತ್ತು. ಭಯವಾಗಬೇಕಿತ್ತು. ನನಗೆ ನೆನಪಿರುವುದು ಆ ನಿಶ್ಶಬ್ದ ಮಾತ್ರ. ಗಾಳಿ ಕಿಟಕಿಗೆ ತಾಗುವ ಸದ್ದು, ಒಣ ಬಿದಿರು ಕಿರುಗುಟ್ಟುವ ಸದ್ದು. ಹೋದರೆ ಹೋಗಲಿ, ಎಂಬಂಥದ್ದೊಂದು ಸುಸ್ತು ಮೈತುಂಬ ಹರಡಿತು. ಅದು ಎಷ್ಟು ಹೊತ್ತಿತ್ತೋ ತಿಳಿಯದು. ಪಕ್ಕದಲ್ಲಿದ್ದ ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟರು. ಕಿರುಚಲಿಲ್ಲ, ಸುಮ್ಮನೆ ಇಟ್ಟರು. ಆಗ ಎರಡೂ ಕೈಯಿಂದ ಸ್ಟೀರಿಂಗನ್ನು ಎಡಕ್ಕೆ ಎಳೆದು ಹ್ಯಾಂಡ್‌ಬ್ರೇಕ್ ಎತ್ತಿದೆ. ಕಾರು ಗುಡ್ಡದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ, ಮಣ್ಣಿಗೆ ಒರಗಿ ನಿಂತಿತು.

"ಏನಾಯ್ತವ್ವ?" ಎಂದರು ಅತ್ತೆ.

"ಇಂಜಿನ್ ನಿಂತೋಯ್ತು ಅತ್ತೆ."

"ನಿನ್ಗೇನೂ ಆಗಿಲ್ವಲ್ಲ?"

"ಇಲ್ಲ."

ಹುಲಿಯಿರುವ ಕಾಡು, ಕೆಳಗಿಳಿಯುವಂತಿರಲಿಲ್ಲ. ಅರಣ್ಯ ಇಲಾಖೆಯ ಜೀಪು ಬರುವವರೆಗೆ ಗಾಜು ಏರಿಸಿಕೊಂಡು ಕೂತಿದ್ದೆವು. ಅತ್ತೆ ಮಡಿಲಲ್ಲಿದ್ದ ಪ್ರಸಾದದ ಪೊಟ್ಟಣ ಬಿಚ್ಚಿ ನನಗಿಷ್ಟು ಕೊಟ್ಟರು. ಬಾಯಿಗೆ ಹಾಕಿಕೊಂಡೆ, ರುಚಿ ಗೊತ್ತಾಗಲಿಲ್ಲ. ಆ ಸುಸ್ತಿನ ಗಳಿಗೆಯನ್ನು ಅವರಿಗೆ ಹೇಳಲಿಲ್ಲ. ಅವರಿಗೆ ತಿಳಿದಿತ್ತೆಂದೇ ಈಗಲೂ ಅಂದುಕೊಂಡಿದ್ದೇನೆ.

ಜೀಪಿನವರು ಕಾರಿಗೆ ಹಗ್ಗ ಕಟ್ಟಿ ಬೆಟ್ಟ ಇಳಿಸಿದರು. ಮಾರನೆಯ ದಿನ ಭಾವ ಬಂದು ಮತ್ತೆ ಕ್ಲಚ್ಚಿನ ಮಾತೆತ್ತಿದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿದರು.

"ಸುಮ್ಕಿರ್ಲಾ. ನಾ ಪಕ್ದಲ್ಲೇ ಕುಂತಿದ್ದಿ. ಅವ್ಳು ಏನೂ ಮಾಡ್ನಿಲ್ಲ, ಗಾಡಿಯೇ ನಿಂತೋಯ್ತು. ಅವ್ಳು ತಿರುಗುಸ್ದೆ ಇದ್ದಿದ್ರೆ ನೀ ಇವತ್ತು ಇಲ್ಲಿ ಯಾರ ಕುಟ್ಟೆ ಮಾತಾಡ್ತಿದ್ದೆ?"

ಭಾವ ಎದ್ದು ಊರಿಗೆ ಹೊರಟರು. ನಾನು ಬಸ್ಸಿನಲ್ಲಿ ಓಡಾಡತೊಡಗಿದೆ. ಕಾರು ಮನೆ ಮುಂದೆ ಧೂಳು ತಿನ್ನುತ್ತ ನಿಂತಿತು.

ಕಾರಣ ತಿಳಿದದ್ದು ಶಾಲೆಯಲ್ಲಿ. ನನ್ನ ಜೊತೆ ಗಣಿತ ಪಾಠ ಮಾಡುವವರೊಬ್ಬರ ಮನೆಯಲ್ಲೂ ಅದೇ ಮಾಡೆಲ್ ಕಾರಿದೆ. ಊಟದ ಬಿಡುವಿನಲ್ಲಿ, "ನಿಮ್ಗೆ ಫೋನ್ ಬರ್ನಿಲ್ವಾ ಮಿಸ್? ಪೆಟ್ರೋಲ್ ಪಂಪು ಸರಿಯಿಲ್ಲ ಅಂತ ಕಂಪ್ನಿಯೋರು ಗಾಡಿಗಳ್ನ ವಾಪಸ್ ಕರೀತಾವ್ರೆ. ಓಡ್ತಾ ಓಡ್ತಾನೇ ಇಂಜಿನ್ ಆಫ್ ಆಗ್ಬುಡ್ತದಂತೆ" ಎಂದರು. ನಮಗೆ ಯಾಕೆ ಬರಲಿಲ್ಲ ಎಂಬುದು ಕೂಡಲೇ ಹೊಳೆಯಿತು. ಕಂಪನಿಯಲ್ಲಿ ಇದ್ದದ್ದು ನನ್ನ ಗಂಡನ ನಂಬರು. ಆ ಫೋನು ಆರಿಹೋಗಿ ಬೀರುವಿನಲ್ಲಿ ಬಿದ್ದಿತ್ತು.

ಸಂಜೆ ಮನೆಗೆ ಬಂದು ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದೆ. ವಾಪಸು ಕರೆದ ಕಾರುಗಳಲ್ಲಿ ನಮ್ಮದೂ ಸೇರಿತ್ತು. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ಒಬ್ಬ ಹುಡುಗಿ ಮಾತಾಡಿದಳು.

"ಓನರ್ ಜೊತೆ ಮಾತಾಡಬಹುದಾ ಮೇಡಂ?"

"ಅವರು ತೀರಿಕೊಂಡಿದ್ದಾರೆ. ಏನಿದ್ದರೂ ನನಗೇ ಹೇಳಿ."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. "ಸಾರಿ ಮೇಡಂ" ಎಂದಳು. ಆಮೇಲೆ ಹೇಳಬೇಕಾದ್ದನ್ನು ಹೇಳಿದಳು. ರಿಪೇರಿ ಆಗುವವರೆಗೆ ಕಾರು ಓಡಿಸಬೇಡಿ, ನಾವೇ ಲಾರಿ ಕಳಿಸಿ ಎತ್ತಿಸಿಕೊಳ್ಳುತ್ತೇವೆ, ಪಂಪ್ ಪುಕ್ಕಟೆ ಬದಲಾಯಿಸಿಕೊಡುತ್ತೇವೆ. ಯಾವ ಕಾರೇ ಆಗಲಿ, ಓಡುವಾಗ ಇಂಜಿನ್ ನಿಂತರೆ ಕೀ ಪೂರ್ತಿ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆಗುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮ ಒತ್ತಿ ಹಿಡಿಯಬೇಕು. ನಾಲ್ಕೂ ಇಂಡಿಕೇಟರ್ ಹಾಕಿ ರಸ್ತೆಯ ಎಡಕ್ಕೆ ತರಬೇಕು. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ.

"ಕಾಂಟ್ಯಾಕ್ಟ್ ನಂಬರ್ ಯಾವುದು ಹಾಕಲಿ ಮೇಡಂ? ಹಳೇದನ್ನ ತೆಗೀಬೇಕಾಗುತ್ತೆ."

"ತೆಗೀರಿ" ಎಂದು ನನ್ನದನ್ನು ಹೇಳಿದೆ.

ತಪ್ಪು ನನ್ನದಲ್ಲ ಎಂದು ತಿಳಿದರೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಎದ್ದುಹೋಗಿ ಅನ್ನಕ್ಕಿಟ್ಟೆ.

ಲಾರಿ ಬಂದು ಕಾರನ್ನು ಮೈಸೂರಿಗೆ ಒಯ್ದಿತು. ರಿಪೇರಿಯಾಗಿದೆ ಎಂದು ಫೋನ್ ಬಂದಾಗ ಭಾವ ತಾವೂ ಬರುತ್ತೇನೆಂದು ಹೊರಟರು. ಸರ್ವೀಸ್ ಸೆಂಟರಿನವನು ತೆಗೆದಿಟ್ಟಿದ್ದ ಹಳೆಯ ಪಂಪನ್ನು ತೋರಿಸಿದ. ಭಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊರಡುವಾಗ ನಾನು ಕೀ ಅವರ ಕಡೆ ಚಾಚಿದೆ.

"ನೀನೇ ಓಡ್ಸವ್ವ" ಎಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

ಕಿಟಕಿಯ ಮೇಲಿನ ಹಿಡಿಯನ್ನು ಮಾತ್ರ ಟಿ. ನರಸೀಪುರದವರೆಗೂ ಬಿಡಲಿಲ್ಲ. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಕಾಫಿ ಹೀರುತ್ತ ಭಾವ ಲೋಟವನ್ನೇ ನೋಡಿಕೊಂಡು, "ಅಂವ ಇದ್ದಿದ್ರೆ ಆ ಕಂಪ್ನಿಯೋರ್ಗೆ ಸರ್ಯಾಗ್ ಉಗೀತಿದ್ದ. ನಂಗೂ ಉಗೀತಿದ್ದ" ಎಂದರು.

ಹೌದು, ಉಗಿಯುತ್ತಿದ್ದರು. ನನಗೆ ಅಳು ಬರಲಿಲ್ಲ. ಹೋಟೆಲಿನ ಅಡುಗೆಮನೆಯಿಂದ ದೋಸೆ ಕಾವಲಿಯ ವಾಸನೆ ಬರುತ್ತಿತ್ತು, ಹಸಿವಾಗಿರುವುದು ಗೊತ್ತಾಯಿತು. ಎಷ್ಟೋ ತಿಂಗಳಿಂದ ಹೊತ್ತಾಯಿತೆಂದು ಉಣ್ಣುತ್ತಿದ್ದೆ, ಅಷ್ಟೇ. ಒಂದು ಮಸಾಲೆ ದೋಸೆ ಹೇಳಿದೆ. ಭಾವ ನನ್ನ ಮುಖ ನೋಡಿ, ತಮಗೂ ಒಂದು ಎಂದರು.