ಯಶವಂತನಗರದ ಒಣ ರಸ್ತೆ

ಎಂದಿನಂತೆ ಹಾಲು ಕಾಯಿಸಿ, ವೀಣಾಳ ಎರಡು ಜಡೆಗೂ ರಿಬ್ಬನ್ ಕಟ್ಟಿ, ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅವಳ ಯೂನಿಫಾರ್ಮ್ ಲಂಗ ಮೊಣಕಾಲಿನ ಮೇಲೇರಿತ್ತು. ಪಕ್ಕದ ಮನೆಯ ಕಮಲಮ್ಮ ಹೊಲಿಗೆ ಮಾಡುತ್ತಾರೆ. ಅವರ ಕೈಗೆ ಹೊಸ ಬಟ್ಟೆಯನ್ನೂ ಅಳತೆಗೊಂದು ಹಳೆಯ ಲಂಗವನ್ನೂ ಕೊಟ್ಟು ಬಂದೆ.

ವೀಣಾ ನನ್ನ ಅಕ್ಕ ಗಂಗಮ್ಮನ ಮಗಳು. ಅಕ್ಕನ ಮನೆ ಯಶವಂತನಗರದಲ್ಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಅಂಚಿಗೇ ಇದೆ. ಅಲ್ಲಿನ ಧೂಳಿಗೆ ಮಗುವಿನ ಕೆಮ್ಮು ನಿಲ್ಲದಾದಾಗ, ಕೆಲಕಾಲ ಬೇರೆ ಊರಿನಲ್ಲಿಡಿ ಎಂದು ಡಾಕ್ಟರು ಹೇಳಿದ್ದರು. ಹಾಗೆ ಹೊಸಪೇಟೆಗೆ ಬಂದವಳು ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಒಂದು ವರ್ಷ ಕಳೆದಿದ್ದಳು. ಆ ವಾರ ಅಕ್ಕನ ಕಾಗದ ಬಂದಿತ್ತು. ಭಾವ ಕೆಲಸ ಮಾಡುವ ಗಣಿ ಆಫೀಸಿಗೆ ಕಂಪ್ಯೂಟರ್ ಬಂದಿದೆ, ಲಾರಿಗಳ ಓಡಾಟವನ್ನು ಅದೇ ಗೊತ್ತುಮಾಡುತ್ತದೆ, ಧೂಳು ಕಡಿಮೆಯಾಗಿದೆ ಎನ್ನುತ್ತಾರೆ. ನೀನೇ ಬಂದು ನೋಡು, ನೀನು ಸರಿ ಅಂದರೆ ವೀಣಾಳನ್ನು ಕರೆಸಿಕೊಳ್ಳುತ್ತೇವೆ ಎಂದು ಬರೆದಿದ್ದಳು.

ಶಾಲೆಯ ಗೇಟಿನಲ್ಲಿ ವೀಣಾ ನನ್ನ ಕೈಗೊಂದು ಬೆಂಕಿಪೊಟ್ಟಣ ಕೊಟ್ಟಳು. ಒಳಗೆ ಹಿಂದಿನ ದಿನ ಬಿದ್ದ ಹಾಲುಹಲ್ಲು. "ಅವ್ವಗ ತೋರ್ಸು ಚಿಗವ್ವ. ವಾಪಸ್ ತಗೊಂಬಾ ಮತ್ತ" ಎಂದಳು.

ಸಂಡೂರಿಗೆ ಆರು ರೂಪಾಯಿ ಟಿಕೆಟ್. ಬಸ್ಸಿನಲ್ಲಿ ಎಡಗಡೆ ಕಿಟಕಿ ಸಿಕ್ಕಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಕಬ್ಬಿನ ಗದ್ದೆ, ಬಾಳೆತೋಟ, ಗದ್ದೆಯ ಅಂಚಿನಲ್ಲಿ ಹೊಸ ಮೋಟರ್ ಸೈಕಲ್ಲುಗಳು. ಗುಡ್ಡಗಳ ಸಾಲು ಹತ್ತಿರವಾದಂತೆ ಹಸಿರು ಹಿಂದೆ ಸರಿದು ಗಿಡಗಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದವು. ಎದುರಿಗೆ ಲಾರಿ ಬಂದಾಗಲೆಲ್ಲ ಕಂಡಕ್ಟರ್ ಹೇಳುವ ಮೊದಲೇ ಎಲ್ಲರೂ ಕಿಟಕಿಯ ಗಾಜು ಎಳೆಯುತ್ತಿದ್ದರು. ಸಂಡೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಇನ್ನೊಂದು ಬಸ್ಸು ಹತ್ತಿದೆ. ಯಶವಂತನಗರ ತಲುಪಿದಾಗ ಹನ್ನೊಂದು ಗಂಟೆ.

ಅಕ್ಕ ಬೆಂಕಿಪೊಟ್ಟಣ ತೆರೆದು ನೋಡಿದಳು. ಅದನ್ನು ದೇವರ ಗೂಡಿನಲ್ಲಿಟ್ಟಳು. ವಾಪಸ್ ಕೇಳಲು ನನಗೆ ಬಾಯಿ ಬರಲಿಲ್ಲ.

ಭಾವ ನಮ್ಮನ್ನು ಆಫೀಸಿಗೆ ಕರೆದೊಯ್ದರು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಎ.ಸಿ., ಕಿಟಕಿಗೆ ದಪ್ಪ ಪರದೆ, ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಮೊದಲು ಬೆಳಿಗ್ಗೆ ಲಾರಿಗಳೆಲ್ಲ ಒಟ್ಟಿಗೇ ಬಂದು, ಎಂಜಿನ್ ಆರಿಸದೆ, ಸಾಲಿನಲ್ಲಿ ಹೊಗೆ ಬಿಡುತ್ತ ನಿಲ್ಲುತ್ತಿದ್ದವಂತೆ. ಈಗ ಒಂದೊಂದಕ್ಕೂ ಒಂದು ಹೊತ್ತು. ಬರಿದಾಗಿ ಓಡುವುದೂ ಕಡಿಮೆ, ಡೀಸೆಲ್ಲೂ ಉಳಿಯುತ್ತದೆ. ರಸ್ತೆಗೆ ನೀರು ಹೊಡೆಯುವ ಟ್ಯಾಂಕರಿನ ಸರದಿಯೂ ಅದರಲ್ಲೇ ಇತ್ತು. ಭಾವ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದ ಹರಿದು ತೋರಿಸಿದರು. ಒಂದು ಸರದಿಯೂ ತಪ್ಪಿರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅಕ್ಕ ಹೇಳಿದಳು: "ಈ ಮಷಿನ್ನಿಗೆ ಧೂಳು ಆಗಂಗಿಲ್ಲಂತ, ಎ.ಸಿ. ಹಾಕ್ಯಾರ. ನನ್ನ ಮಗಳಿಗೂ ಆಗಂಗಿಲ್ಲ, ಹೊಸಪೇಟಿಗೆ ಕಳ್ಸೀವಿ."

ಭಾವ ನಕ್ಕರು. ಅಕ್ಕ ನಗಲಿಲ್ಲ.

ಮನೆಗೆ ಬಂದು ಕಟ್ಟೆಯ ಮೇಲೆ ಕೂರುವ ಮೊದಲು ಕರ್ಚೀಫಿನಿಂದ ಒರೆಸಿದೆ. ಕಾನ್ವೆಂಟಿನ ಸಿಸ್ಟರು ಕಲಿಸಿದ ಅಭ್ಯಾಸ. ಇಸ್ತ್ರಿ ಮಾಡಿದ ಬಿಳಿ ಕರ್ಚೀಫು ಇಲ್ಲದೆ ನಾನು ಮನೆ ಬಿಡುವುದಿಲ್ಲ. ಅದು ಕೆಂಪಾಯಿತು. ಅಕ್ಕನ ಮುಖ ಸಪ್ಪಗಾಯಿತು. ಬೆಳಿಗ್ಗೆಯಷ್ಟೇ ತೊಳೆದಿದ್ದಳು.

ಹನ್ನೆರಡಕ್ಕೆ ಸರಿಯಾಗಿ ಟ್ಯಾಂಕರ್ ಬಂತು. ಹಿಂದಿನ ಕೊಳವೆಯಿಂದ ನೀರು ಚಿಮ್ಮುತ್ತಿತ್ತು. ಅಕ್ಕನ ಮನೆಯಿದ್ದ ಸಾಲಿನ ಮೊದಲ ಮನೆಯ ಹತ್ತಿರ ಬರುತ್ತಲೇ ನೀರು ನಿಂತಿತು. ನಮ್ಮೆದುರು ಡ್ರೈವರ್ ತಲೆ ಬಾಗಿಸಿ ನಮಸ್ಕಾರ ಮಾಡಿ ಹೋದ. ಕೊನೆಯ ಮನೆ ದಾಟಿದ ಮೇಲೆ ನೀರು ಮತ್ತೆ ಚಿಮ್ಮಿತು. ಆಚೆಗೂ ಈಚೆಗೂ ರಸ್ತೆ ಒದ್ದೆಯಾಗಿ ಕಪ್ಪಗಿತ್ತು. ನಡುವೆ, ಹತ್ತು ಮನೆಗಳ ಎದುರು, ಒಣ ಕೆಂಪು ಪಟ್ಟಿ. ಅದರ ಮೇಲೆ ಲಾರಿಯೊಂದು ಹಾಯ್ದಾಗ ಎದುರಿನ ಹೊಂಗೆ ಮರ ಕಾಣದಾಯಿತು.

ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಅವಳಿಗೆ ಅದು ದಿನದ ನೋಟ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೇಳದಿದ್ದರೆ ಈ ಪಟ್ಟಿ ಹೀಗೇ ಒಣಗಿರುತ್ತದೆ, ನಾಳೆಯೂ ವೀಣಾಳ ಎರಡು ಜಡೆ ನಾನೇ ಹೆಣೆಯುತ್ತೇನೆ. ತೆರೆದ ಬಾಗಿಲಿನಿಂದ ಒಳಗಿನ ದೇವರ ಗೂಡಿನ ಕಡೆ ನೋಡಿದೆ. ಆಮೇಲೆ ಕೇಳಿದೆ: "ಅಕ್ಕ, ಇವ ನಿಮ್ಮ ಮನಿ ಮುಂದ ನೀರು ಯಾಕ ನಿಲ್ಲಸ್ತಾನ?"

ಅಕ್ಕ ರಸ್ತೆ ನೋಡಿದಳು. ನಿಧಾನಕ್ಕೆ ಅವಳ ಕೈ ಸೆರಗಿನಿಂದ ಇಳಿಯಿತು.

"ನಾವ ಬೈದಿದ್ವಿ" ಎಂದಳು. "ಒಗದ್ ಹಾಕಿದ ಸೀರಿ ಮ್ಯಾಲೆಲ್ಲ ಕೆಸರು ಸಿಡಸ್ತಿದ್ದ. ಎಲ್ಲಾರ್ಕಿಂತ ಜೋರು ಬಾಯಿ ಮಾಡ್ದಾಕಿ ನಾನ."

ಊಟಕ್ಕೆ ಬಂದ ಭಾವನಿಗೆ ವಿಷಯ ತಿಳಿದಾಗ ಅವರು ತಟ್ಟೆಯ ಮುಂದೆ ಕೂತವರು ಎದ್ದೇ ಬಿಟ್ಟರು. ಟ್ಯಾಂಕರ್ ಹೊರಟ ಹೊತ್ತು, ಮರಳಿದ ಹೊತ್ತು ಮಾತ್ರ ಕಂಪ್ಯೂಟರಿಗೆ ಹೋಗುತ್ತಿತ್ತು. ದಾರಿಯಲ್ಲಿ ನೀರು ನಿಂತದ್ದನ್ನು ಯಾರೂ ಬರೆದುಕೊಡುತ್ತಿರಲಿಲ್ಲ. ಮಧ್ಯಾಹ್ನವೇ ಅವರು ಇನ್ನು ನೀರು ನಿಲ್ಲಿಸಬೇಡ ಎಂದು ಡ್ರೈವರಿಗೆ ಹೇಳಿ, ಟ್ಯಾಂಕರಿನ ಸಮಯಗಳನ್ನು ಹತ್ತು ಪ್ರತಿ ಅಚ್ಚು ಹಾಕಿಸಿ ತಂದರು. ಅಕ್ಕ ಮನೆಮನೆಗೆ ಹೋಗಿ ಬಾಗಿಲಿಗೆ ಅಂಟಿಸಿದಳು. ಟ್ಯಾಂಕರ್ ಬರುವ ಹೊತ್ತಿಗೆ ಬಟ್ಟೆಗಳೆಲ್ಲ ಹಿತ್ತಿಲಿಗೆ ಎಂದು ತೀರ್ಮಾನವಾಯಿತು. ಒಬ್ಬಾಕೆ ಕಾಲೆಳೆದಳು: "ಬೈಯೂದ್ಕೂ ನೀನ ಮುಂದ, ಈಗ ಚೀಟಿ ಹಚ್ಚೂದ್ಕೂ ನೀನ ಮುಂದ, ಗಂಗಕ್ಕ."

ನಾಲ್ಕು ಗಂಟೆಯ ಸರದಿಯಲ್ಲಿ ನೀರು ನಿಲ್ಲಲಿಲ್ಲ. ಅಕ್ಕ ಕಟ್ಟೆಯ ತುದಿಯಲ್ಲೇ ನಿಂತಿದ್ದಳು. ಸೀರೆಯ ಅಂಚಿಗೆ ಕೆಸರು ಸಿಡಿಯಿತು, ಹಿಂದೆ ಸರಿಯಲಿಲ್ಲ. ಬೇಸಿಗೆ ರಜೆಗೆ ವೀಣಾ ಬರಲಿ, ಕೆಮ್ಮದೆ ಇದ್ದರೆ ಇಲ್ಲಿನ ಶಾಲೆಗೇ ಸೇರಿಸೋಣ ಎಂದು ಭಾವ ಅಂದರು. ಆಗಲಿ ಅಂದೆ.

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ರಸ್ತೆ ಉದ್ದಕ್ಕೂ ಒಂದೇ ಬಣ್ಣವಾಗಿ ಒದ್ದೆಯಾಗಿತ್ತು.

ಹೊಸಪೇಟೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಹಲ್ಲು ಎಲ್ಲಿ ಎಂದು ವೀಣಾ ಕೇಳಿದಳು. ಅವ್ವ ಇಟ್ಟುಕೊಂಡಳು ಎಂದಾಗ ಸ್ವಲ್ಪ ಯೋಚಿಸಿ, "ಇರ್ಲಿ ಬಿಡು" ಎಂದಳು. ಅಷ್ಟರಲ್ಲಿ ಕಮಲಮ್ಮ ಹೊಲಿದ ಲಂಗ ಹಿಡಿದು ಬಂದರು. ಅವಳ ಸೊಂಟಕ್ಕೆ ಅದನ್ನು ಹಿಡಿದು ನೋಡಿ, ಅಂಚು ತಿರುವಿ ನನಗೆ ತೋರಿಸಿದರು.

"ಒಳಗ ನಾಕ್ ಬೆರಳು ಮಡಚಿ ಬಿಟ್ಟೀನ್ರಿ" ಎಂದರು. "ಮುಂದಿನ್ ವರ್ಷ ನೀವ ಬಿಚ್ಕೊಂಡ್ರಾತು."